ದುರ್ಗಕ್ಕೆ ಎರಡು ಗಂಟೆ ಸಾಕಾ?

ಬೆಂಗಳೂರಿನಿಂದ ಅಮ್ಮನ ಜೊತೆ ಹಂಪಿಗೆ ಹೋಗುವಾಗ ದಾರೀಲಿ ಎರಡು ಗಂಟೆ ಚಿತ್ರದುರ್ಗದ ಕೋಟೆ ನೋಡಿಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ನಾನು ದುರ್ಗದಲ್ಲೇ ಹುಟ್ಟಿ ಬೆಳೆದವಳು. ದಯವಿಟ್ಟು ಹಾಗೆ ಮಾಡಬೇಡಿ, ಒಂದು ರಾತ್ರಿ ಉಳಿದುಕೊಳ್ಳಿ.

ಬೆಂಗಳೂರಿನಿಂದ ಸುಮಾರು 200 ಕಿ.ಮೀ. ಬೆಳಿಗ್ಗೆ ಹೊರಟರೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಒಂದು ಏಪ್ರಿಲ್‌ನಲ್ಲಿ ನಮ್ಮ ಅತ್ತೆಯನ್ನು ಮಧ್ಯಾಹ್ನ ಹತ್ತಿಸೋಕೆ ಹೋಗಿ, ಅರ್ಧ ದಾರೀಲಿ ತಲೆಸುತ್ತು ಬಂದು ಬಾಗಿಲ ನೆರಳಲ್ಲಿ ಮಲಗಿಸಬೇಕಾಯ್ತು. ಬಂಡೆ ಕಾದರೆ ಕಾವು ಮೇಲಿನಿಂದಲ್ಲ, ಕಾಲ ಕೆಳಗಿನಿಂದ ಹೊಡೆಯುತ್ತದೆ. ಅದಕ್ಕೇ ಮೊದಲ ದಿನ ಊಟ ಮಾಡಿ ಮಲಗಿ, ಸಂಜೆ ಊರ ಪಕ್ಕದ ಚಂದ್ರವಳ್ಳಿ ಗುಹೆಗಳಿಗೆ ಹೋಗಿ. ಕೋಟೆ ಮರುದಿನ ಬೆಳಿಗ್ಗೆ, ಬಾಗಿಲು ತೆಗೆದ ತಕ್ಷಣ.

ಕೋಟೆಗೆ ಬಂದವರು ಬತೇರಿ, ಬಾಗಿಲು, ಓಬವ್ವನ ಕಿಂಡಿ ನೋಡಿ ಫೋಟೊ ತೆಗೆದು ಇಳಿದುಬಿಡುತ್ತಾರೆ. ನೀವು ನೀರು ನೋಡಿ. ಇಷ್ಟು ಬರಡು ಸೀಮೆಯಲ್ಲಿ, ಬರೀ ಬಂಡೆ ಮೇಲೆ ಅಷ್ಟು ಜನ ಬದುಕಿದ್ದು ಹೇಗೆ ಅಂತ ಆಗ ಗೊತ್ತಾಗುತ್ತದೆ. ಬಂಡೆ ಮೇಲೆ ಬಿದ್ದ ಮಳೆ ನೀರು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಒಂದು ಹನಿಯೂ ಸುಮ್ನೆ ಹರಿದು ಹೋಗಬಾರದು ಅಂತ ಕಟ್ಟಿದ್ದಾರೆ.

ಓಬವ್ವನ ಕಥೆಯೂ ನೀರಿನಿಂದಲೇ ಶುರು ಅಲ್ವಾ? ಕಾವಲಿನ ಗಂಡ ಉಣ್ಣಲು ಕೂತಿದ್ದ, ಇವಳು ಕೊಡ ಹಿಡಿದು ನೀರಿಗೆ ಹೋದಳು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವ ಸದ್ದು ಕೇಳಿದ್ದು ಆಗಲೇ. ಪಕ್ಕದಲ್ಲೇ ತಣ್ಣೀರು ದೋಣಿ ಅನ್ನೋ ನೀರಿನ ತಾಣ ಇದೆ. ಕಿಂಡಿ ಹತ್ತಿರ ಒಮ್ಮೆ ಬಗ್ಗಿ ನೋಡಿ: ಒಬ್ಬೊಬ್ಬರೇ ತಲೆ ಬಗ್ಗಿಸಿ ತೂರಬೇಕು, ಒಂದು ಒನಕೆ ಸಾಕಾಗಿದ್ದು ಹೇಗೆ ಅಂತ ಯಾರೂ ಹೇಳಬೇಕಿಲ್ಲ. ಕೋಟೆ ಕೊನೆಗೆ ಹೈದರಾಲಿಯ ಕೈ ಸೇರಿದ್ದು 1779ರಲ್ಲಿ, ಮದಕರಿ ನಾಯಕನ ಕಾಲದಲ್ಲಿ.

ಅಮ್ಮನಿಗೆ ಮಂಡಿ ನೋವಿದ್ದರೆ ಮೇಲಿನ ಗುಡಿಗಳ ಆಸೆ ಬಿಡಿ. ಸಿಡಿಮದ್ದು ಬೀಸುವ ಕಲ್ಲುಗಳವರೆಗೆ ನಿಧಾನ ನಡೆಯಲಿ. ತಗ್ಗಿನಲ್ಲಿ ಕೂರಿಸಿದ ಆಳೆತ್ತರದ ಬೀಸುಗಲ್ಲುಗಳು, ಅವರಿಗೆ ಖಂಡಿತ ಇಷ್ಟವಾಗುತ್ತವೆ. ಕುಡಿಯೋ ನೀರು ಜಾಸ್ತಿ ಇಟ್ಟುಕೊಳ್ಳಿ, ತಿಂಡಿ ಕವರ್ ಕೈಯಲ್ಲಿ ಹಿಡಿಯಬೇಡಿ, ಕೋತಿಗಳಿವೆ.

ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗಳಿಗೆ ಟಾರ್ಚ್ ಬೇಕೇ ಬೇಕು, ಒಳಗೆ ಪೂರ್ತಿ ಕತ್ತಲು. ಅದಕ್ಕಿಂತ ಮೊದಲು ಭೈರವೇಶ್ವರ ಗುಡಿ ಪಕ್ಕದ ಬಂಡೆ ಶಾಸನ ನೋಡಿ. ಕದಂಬರ ಮಯೂರಶರ್ಮನದು, ನಾಲ್ಕನೇ ಶತಮಾನದ್ದು. ಅದರಲ್ಲಿ ಹೇಳಿರುವುದೂ ಅವನು ಕಟ್ಟಿಸಿದ ಕೆರೆಯ ವಿಷಯವೇ.

ಸಾಧ್ಯವಾದರೆ ಅಕ್ಟೋಬರ್, ನವೆಂಬರ್‌ನಲ್ಲಿ ಬನ್ನಿ. ಮಳೆ ಚೆನ್ನಾಗಿ ಆದ ವರ್ಷ ಹೊಂಡಗಳು ತುಂಬಿರುತ್ತವೆ.