ಎಡಗಡೆಯ ಸಂದಿಗೆ ನುಗ್ಗಬೇಡಿ

ಲಂಡನ್ನಿಗೆ ಬಂದು ಮೂರು ವಾರವಾಯಿತು, ಕಚೇರಿಗೆ ಸೈಕಲ್ಲಿನಲ್ಲಿ ಹೋಗುವ ಆಸೆ, ಆದರೆ ಪಕ್ಕದಲ್ಲಿ ಕಾಂಕ್ರೀಟ್ ಲಾರಿ ಬಂದರೆ ಎದೆ ಝಲ್ಲೆನ್ನುತ್ತದೆ, ಡಿಕ್ಕಿಯಾದರೆ ಇಲ್ಲಿ ಹೊಣೆ ಯಾರದು ಎಂದು ಕೇಳಿದ್ದೀರಿ. ಹದಿನಾರು ವರ್ಷದಿಂದ ಇಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ಆ ಭಯ ಒಳ್ಳೆಯದೇ, ಇಟ್ಟುಕೊಳ್ಳಿ.

ಮೊದಲು ನಮ್ಮ ಊರಿನ ಚಾಳಿಯೊಂದನ್ನು ಬಿಡಬೇಕು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಮೊಳದಗಲ ಜಾಗ ಕಂಡರೆ ನುಗ್ಗುತ್ತಿದ್ದೆವಲ್ಲ, ಅದನ್ನು. ಇಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯೇ ಓಡುವುದರಿಂದ ಆ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ. ಎತ್ತರದಲ್ಲಿ, ಬಲಗಡೆ ಕುಳಿತ ಚಾಲಕನಿಗೆ ಎಡಬದಿ ಕಾಣುವುದೇ ಕಷ್ಟ. ಎಡಕ್ಕೆ ತಿರುಗಬೇಕಾದ ಉದ್ದನೆಯ ಲಾರಿ ಎಷ್ಟೋ ಸಲ ಮೊದಲು ಬಲಕ್ಕೆ ಸರಿಯುತ್ತದೆ. ದಾರಿ ಬಿಟ್ಟನೆಂದು ಒಳಹೊಕ್ಕರೆ ಹಿಂದಿನ ಚಕ್ರಗಳು ಮೂಲೆಗೆ ಒತ್ತಿಕೊಂಡು ಬರುತ್ತವೆ. ಮೊದಲ ಚಳಿಗಾಲದಲ್ಲಿ ನಾನೂ ಹೀಗೆ ಸಿಕ್ಕಿಕೊಂಡು, ಸೈಕಲ್ ಬಿಸಾಡಿ ಫುಟ್‌ಪಾತಿಗೆ ಹಾರಿದೆ. ಇಳಿದು ಬಂದ ಚಾಲಕ ನನಗಿಂತ ಹೆಚ್ಚು ನಡುಗುತ್ತಿದ್ದ.

ಇನ್ನು ಹೊಣೆಯ ಮಾತು. 2022ರ ಜನವರಿಯಲ್ಲಿ ಇಲ್ಲಿನ ರಸ್ತೆ ನಿಯಮಾವಳಿಯಾದ ಹೈವೇ ಕೋಡ್ ತಿದ್ದಿದರು: ಹೆಚ್ಚು ಹಾನಿ ಮಾಡಬಲ್ಲವನಿಗೆ ಹೆಚ್ಚು ಹೊಣೆ. ನೇರ ಹೋಗುವ ಸೈಕಲ್ಲಿಗೆ ಅಡ್ಡವಾಗಿ ತಿರುಗಬಾರದು. ತಿರುವಿನಲ್ಲಿ ರಸ್ತೆ ದಾಟಲು ಕಾದಿರುವ ಪಾದಚಾರಿಗೂ ದಾರಿ ಬಿಡಬೇಕು. ಹಾಗೆಂದು ಡಿಕ್ಕಿಯಾದೊಡನೆ ದೊಡ್ಡ ಗಾಡಿಯವನದೇ ತಪ್ಪು ಎಂದು ಇಲ್ಲಿ ತೀರ್ಪು ಕೊಡುವುದಿಲ್ಲ.

ನನಗೆ ಮೆಚ್ಚುಗೆಯಾದದ್ದು ಬೇರೆ. ಲಂಡನ್ ಇದನ್ನೆಲ್ಲ ಚಾಲಕನೊಬ್ಬನ ತಲೆಗೆ ಕಟ್ಟಲಿಲ್ಲ. ಇಲ್ಲಿ 12 ಟನ್ನಿಗಿಂತ ಭಾರದ ಲಾರಿ ರಸ್ತೆಗಿಳಿಯಲು ಆ ಲಾರಿಗೇ ವಿಶೇಷ ಪರವಾನಗಿ ಬೇಕು. ಕ್ಯಾಬಿನ್ನಿನ ಕಿಟಕಿಯಿಂದ ಎಷ್ಟು ಕಾಣುತ್ತದೆಂದು ಅಳೆದು ಲಾರಿಗೆ ನಕ್ಷತ್ರ ಕೊಡುತ್ತಾರೆ, ಹೋಟೆಲಿಗೆ ಕೊಟ್ಟಂತೆ! ಮೂರು ನಕ್ಷತ್ರ ಮುಟ್ಟದ ಲಾರಿಗೆ ಕ್ಯಾಮೆರಾ, ಸೆನ್ಸರ್, ಎಡಕ್ಕೆ ತಿರುಗುವಾಗ ಕೂಗಿ ಎಚ್ಚರಿಸುವ ಸಾಧನ ಇರಬೇಕೆಂದು 2024ರ ಅಕ್ಟೋಬರಿನಲ್ಲಿ ನಿಯಮ ಬಿಗಿ ಮಾಡಿದರು. ಪರವಾನಗಿ ಇಲ್ಲದಿದ್ದರೆ ಲಾರಿ ನಡೆಸುವ ಕಂಪನಿಗೆ 550 ಪೌಂಡ್ ದಂಡ. ದೊಡ್ಡ ಕಟ್ಟಡಗಳ ಗುತ್ತಿಗೆಯಲ್ಲಂತೂ ಕಾಂಕ್ರೀಟ್ ತರಿಸುವವರೇ ಇಂಥ ಷರತ್ತು ಬರೆಸುವುದುಂಟು. ನಮ್ಮ ಲಾರಿಗಳ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಹಿಂದಿನವನಿಗೆ ಕೆಲಸ ಒಪ್ಪಿಸುತ್ತಿತ್ತು ಎಂಬುದು ನನಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ.

ಸೈಕಲ್ ಸವಾರರನ್ನು ಲಾರಿಯ ಕ್ಯಾಬಿನ್ನಿಗೆ ಹತ್ತಿಸಿ ತೋರಿಸುವ ಕಾರ್ಯಕ್ರಮವನ್ನು ಲಂಡನ್ ಪೊಲೀಸರು ನಡೆಸಿದ್ದಾರೆ. ಅವಕಾಶ ಸಿಕ್ಕರೆ ಬಿಡಬೇಡಿ. ನಾನು ಹತ್ತಿ ಕುಳಿತಾಗ, ಎಡಗಡೆ ಎಷ್ಟು ಜನರಿದ್ದಾರೆ ಎಂದು ಕೇಳಿದರು. ಕನ್ನಡಿಗಳನ್ನೆಲ್ಲ ನೋಡಿ ಯಾರೂ ಇಲ್ಲ ಎಂದೆ. ನನ್ನ ಹೆಂಡತಿ ಸೈಕಲ್ ಹಿಡಿದು ಬಾಗಿಲ ಪಕ್ಕದಲ್ಲೇ ನಿಂತಿದ್ದಳು.