ಕಿವಿ ಕೇಳದ ಮಗಳ ಕಣ್ಣು ಬಾಗಿಲ ಕಡೆಗೇ ಏಕೆ?

ಪ್ರಶ್ನೆ: 12 ವರ್ಷದ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮನೆಯಲ್ಲಿ ಸನ್ನೆ ಭಾಷೆಯಲ್ಲೇ ಮಾತು. ನಮ್ಮ ಮುಖ ಚೂರು ಬದಲಾದರೂ ಹಿಡಿದುಬಿಡುತ್ತಾಳೆ. ಕ್ಲಾಸಿನಲ್ಲಿ ಮಾತ್ರ ಬಾಗಿಲ ಬಳಿ ಯಾರು ಸುಳಿದರೂ ಅತ್ತ ತಿರುಗುತ್ತಾಳಂತೆ. ಏಕಾಗ್ರತೆ ಇಲ್ಲ ಎನ್ನುತ್ತಾರೆ ಟೀಚರ್. ಇಂಥವರಿಗೆ ಕಣ್ಣು ಹೆಚ್ಚು ಚುರುಕೇ?
– ಒಬ್ಬ ತಾಯಿ, ಹಾಸನ

ಉತ್ತರ: ದೃಷ್ಟಿ ಹೆಚ್ಚಿರುವುದಿಲ್ಲ. ಕಣ್ಣಿನ ಡಾಕ್ಟರ ಅಕ್ಷರದ ಚಾರ್ಟ್ ಮುಂದೆ ಎಲ್ಲರೂ ಒಂದೇ. ವ್ಯತ್ಯಾಸ ಇರುವುದು ಗಮನದಲ್ಲಿ. ಪಕ್ಕದಲ್ಲಿ, ಬೆನ್ನ ಹಿಂದೆ ಯಾರು ಬಂದರೆಂದು ನಮಗೆ ಕಿವಿ ಹೇಳುತ್ತದೆ. ಅವಳಿಗೆ ಆ ಕಾವಲನ್ನೂ ಕಣ್ಣೇ ಕಾಯಬೇಕು. ಹುಟ್ಟಿನಿಂದ ಕಿವಿ ಕೇಳದವರು ನೋಟದ ಅಂಚಿನ ಚಲನೆಯನ್ನು ಚೆನ್ನಾಗಿ ಗುರುತಿಸುತ್ತಾರೆಂದು ಅಮೆರಿಕದ ನರವಿಜ್ಞಾನಿ ಹೆಲೆನ್ ನೆವಿಲ್ 1980ರ ದಶಕದಲ್ಲೇ ತೋರಿಸಿದ್ದಾರೆ. ದಯವಿಟ್ಟು ಇದನ್ನು ಟೀಚರಿಗೆ ತಿಳಿಸಿ, ಮಗುವನ್ನು ಗದರಿಸುವುದು ಬೇಡ.

ಮುಖದ ಸೂಕ್ಷ್ಮ ಬಂದದ್ದು ಬಹುಪಾಲು ಸನ್ನೆ ಭಾಷೆಯಿಂದ. ‘ಊಟ ಆಯ್ತು’, ‘ಊಟ ಆಯ್ತಾ?’ ಎರಡಕ್ಕೂ ಕೈ ಸನ್ನೆ ಒಂದೇ. ಹುಬ್ಬು ಏರಿ, ತಲೆ ತುಸು ಮುಂದೆ ಬಾಗಿದರೆ ಪ್ರಶ್ನೆ. ಹಾಗಾಗಿ ಸನ್ನೆ ನೋಡುವವರ ದೃಷ್ಟಿ ನೆಡುವುದು ಕೈಮೇಲಲ್ಲ, ಮುಖದ ಮೇಲೆ. ಒಂದು ಮುಖ ತೋರಿಸಿ, ಕೋನವೋ ಬೆಳಕೋ ಬದಲಾದ ಆರು ಫೋಟೊಗಳಲ್ಲಿ ಅದನ್ನೇ ಹುಡುಕಿಸುವ ಬೆಂಟನ್ ಪರೀಕ್ಷೆಯಲ್ಲಿ, ಚಿಕ್ಕಂದಿನಿಂದ ಸನ್ನೆ ಬಲ್ಲವರು ಮುಂದಿದ್ದಾರೆ, ಕಿವಿ ಕೇಳುವವರೂ ಸೇರಿ. ಆದರೆ ಒಮ್ಮೆ ಕಂಡ ಅಪರಿಚಿತರ ಮುಖವನ್ನು ನೆನಪಿಡುವುದರಲ್ಲಿ ಅಂಥ ಮೇಲುಗೈ ಕಂಡಿಲ್ಲ.

ಕ್ಲಾಸಿನಲ್ಲಿ ಅವಳನ್ನು ಎರಡನೇ ಸಾಲಿನ ತುದಿಯಲ್ಲಿ, ಗೋಡೆ ಪಕ್ಕ, ಬಾಗಿಲು–ಕಾರಿಡಾರ್ ಕಣ್ಣಂಚಿಗೆ ಬೀಳದ ಕಡೆ ಕೂರಿಸಲಿ. ತುಸು ಓರೆಯಾಗಿ ಕೂತರೆ ಮಾತಾಡುವ ಗೆಳತಿಯರೂ ಕಾಣುತ್ತಾರೆ. ಟೀಚರ್ ಕಿಟಕಿಗೆ ಬೆನ್ನು ಹಾಕಿ ನಿಲ್ಲಬಾರದು; ಹಿಂದಿನ ಬೆಳಕಿಗೆ ಮುಖ ಕಪ್ಪಾಗಿ ಹುಬ್ಬು, ತುಟಿ ಎರಡೂ ಕಾಣವು. ಬೋರ್ಡಿನ ಮೇಲೆ ಬರೆಯುತ್ತಲೇ ಪಾಠ ಹೇಳುವುದೂ ಬೇಡ. ಬರೆದು, ಓದಲು ಬಿಟ್ಟು, ಅವಳು ತಲೆಯೆತ್ತಿದ ಮೇಲೆ ಮುಂದುವರಿಸಲಿ.

ಇನ್ನೊಂದು ಮಾತು: ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಮುಸ್ಸಂಜೆಯಲ್ಲಿ ಎಡವುವುದು, ಪಕ್ಕದ ಕುರ್ಚಿಗೆ ತಾಗುವುದು ಶುರುವಾದರೆ ಕಾಯಬೇಡಿ. ಹುಟ್ಟು ಕಿವುಡಿರುವ ಕೆಲವರಿಗೆ ಬರುವ ಅಷರ್ ಸಿಂಡ್ರೋಮ್ ಎಂಬ ಕಾಯಿಲೆ ಇರುಳುಗುರುಡಿನಿಂದ ಆರಂಭವಾಗಿ ನೋಟದ ಅಂಚನ್ನೇ ಮೊದಲು ತಿನ್ನುತ್ತದೆ. ಇದರಲ್ಲಿ ಮಗು ತಡವಾಗಿ ನಡೆಯುವುದೂ ಉಂಟು; ನಡಿಗೆ ಒಂದೂವರೆ ವರ್ಷ ದಾಟಿ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ರೆಟಿನಾ ಪರೀಕ್ಷೆ ಮಾಡಿಸಿ.