ಬಾಯಿಪಾಠ ಕೈಕೊಟ್ಟಾಗ

ಸಲಹೆ ಕೇಳಿ ನನ್ನ ಬಳಿ ಬಂದವಳು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿ, ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಜಿಎಸ್‌ಟಿ ಬಗ್ಗೆ ಸೆಮಿನಾರ್ ಕೊಡುವಾಗ ನಡುವೆ ಒಂದು ಪದ ಮರೆತುಹೋಯಿತು. ಗಂಟಲು ಒಣಗಿತು, ಕೈ ನಡುಗಿತು, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಲ್ಲಿಂದ ಸೆಮಿನಾರ್ ಇದ್ದ ದಿನವೆಲ್ಲ ಹೊಟ್ಟೆನೋವು ಅಂತ ರಜೆ.

"ನನಗೆ ಇಂಗ್ಲಿಷ್ ಬರಲ್ಲ ಮೇಡಂ, ಅದಕ್ಕೇ ಹೀಗಾಯ್ತು" ಎಂದಳು.

ಹಾಗಾದರೆ ಕನ್ನಡದಲ್ಲೇ ಹೇಳು ಎಂದೆ. ಅಲ್ಲೂ ತಡವರಿಸಿದಳು. ಗೈಡಿನ ಪುಟಗಳನ್ನು ಅಕ್ಷರ ಬಿಡದೆ ಉರು ಹೊಡೆದಿದ್ದಳು. ಎದುರಿಗೆ ಕೂತವರಿಗೆ ಏನು ತಿಳಿಸಬೇಕು ಅಂತ ಯೋಚಿಸಿಯೇ ಇರಲಿಲ್ಲ. ತಪ್ಪು ಅವಳೊಬ್ಬಳದ್ದಲ್ಲ. ಸೆಮಿನಾರಿಗೆ ಅಂಕ ಕೊಡುವ ಎಷ್ಟೋ ಕಾಲೇಜುಗಳಲ್ಲಿ ಮಾತಾಡುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

"ಹೋಟೆಲ್ ಬಿಲ್ಲಿನ ಕೆಳಗೆ ಏನಿರುತ್ತೆ?" ಎಂದೆ.

"ಸಿಜಿಎಸ್‌ಟಿ ಎರಡೂವರೆ ಪರ್ಸೆಂಟ್, ಎಸ್‌ಜಿಎಸ್‌ಟಿ ಎರಡೂವರೆ. ಒಂದು ಕೇಂದ್ರಕ್ಕೆ, ಇನ್ನೊಂದು ರಾಜ್ಯಕ್ಕೆ."

ದನಿ ಒಂಚೂರೂ ನಡುಗಲಿಲ್ಲ. ಅಲ್ಲಿಂದಲೇ ಶುರು ಮಾಡು ಎಂದೆ. ಜಿಎಸ್‌ಟಿ 2017ರ ಜುಲೈ 1ರಂದು ಜಾರಿಗೆ ಬಂತು ಎನ್ನುವುದು ಆಮೇಲೆ ಬರಲಿ. ಚೀಟಿಯಲ್ಲಿ ವಾಕ್ಯ ಬೇಡ, ಐದಾರು ಪದ ಸಾಕು. ಮೊದಲ ಎರಡು ವಾಕ್ಯ ಮಾತ್ರ ಗಟ್ಟಿ ಮಾಡಿಕೊ, ಏಕೆಂದರೆ ಹೆದರಿಕೆ ಜಾಸ್ತಿ ಇರುವುದು ಶುರುವಿನಲ್ಲೇ. ಹಾಸ್ಟೆಲಿನ ಗೆಳತಿಗೆ ಮೊದಲು ಕನ್ನಡದಲ್ಲಿ ಹೇಳು, ಆಮೇಲೆ ಇಂಗ್ಲಿಷಿನಲ್ಲಿ, ನಂತರ ಮೂರ್ನಾಲ್ಕು ಜನರ ಮುಂದೆ ನಿಂತು. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು.

ಎದೆ ಹೊಡೆದುಕೊಂಡರೆ ಗಾಬರಿ ಬೇಡ. ಅದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡು. ನಿನ್ನ ನಡುಕ ನಿನಗೆ ಗೊತ್ತಾಗುವಷ್ಟು ಬೇರೆಯವರಿಗೆ ಕಾಣುವುದಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಿದೆ: ರಜೆ ಹಾಕಬೇಡ. ತಪ್ಪಿಸಿಕೊಂಡಾಗ ಆ ದಿನದ ಮಟ್ಟಿಗೆ ಹಗುರ ಅನಿಸುತ್ತದೆ, ಹೆದರಿಕೆ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಅವಳನ್ನು ಕೇಳಿಯೇ ಅವಳ ಲೆಕ್ಚರರ್ ಜೊತೆ ಮಾತಾಡಿದೆ. ಮೊದಲು ಐದು ನಿಮಿಷ ಸಾಕು ಎಂದು ಅವರು ಒಪ್ಪಿದರು.

ಮುಂದಿನ ಸೆಮಿನಾರಿನಲ್ಲಿ ಒಮ್ಮೆ ತಡವರಿಸಿ, ಚೀಟಿ ನೋಡಿ ಮುಂದುವರಿಸಿದಳಂತೆ. ಇಂಗ್ಲಿಷಿನಲ್ಲಿ ತಪ್ಪುಗಳೂ ಆದವು. ಪೆಟ್ರೋಲಿಗೆ ಯಾಕೆ ಜಿಎಸ್‌ಟಿ ಇಲ್ಲ ಅಂತ ಸಹಪಾಠಿ ಕೇಳಿದಾಗ ಎರಡೂ ಭಾಷೆ ಬೆರೆಸಿ ಉತ್ತರ ಕೊಟ್ಟಳು. ಪ್ರಶ್ನೆ ಬಂತು ಅಂದರೆ ಕ್ಲಾಸು ಕೇಳಿಸಿಕೊಂಡಿದೆ, ಅಲ್ವಾ?

ಹೆದರಿಕೆಗೆ ನಿದ್ದೆ, ಊಟವೇ ಬಿಟ್ಟುಹೋಗುತ್ತಿದ್ದರೆ ಇಷ್ಟು ಅಭ್ಯಾಸ ಸಾಲದು. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.